ನಂಜಪ್ಪನ್ ಸಾರಿಗೆ ಶಾಲು ಹೊದಿಸಿದ ಮಳೆಗಾಲ

ಹೋದ ತಿಂಗಳು ಈರೋಡಿನಲ್ಲಿ ಒಂದು ಮದುವೆ ಮುಗಿಸಿಕೊಂಡು ಕೊಯಮತ್ತೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಅವಿನಾಶಿ ದಾಟಿದ ಮೇಲೆ ಮಳೆ ಶುರುವಾಯಿತು. ಕರುಮತ್ತಂಪಟ್ಟಿ ಹತ್ತಿರ ಬರುತ್ತಿದ್ದ ಹಾಗೆ ಅರೆ ತೆರೆದ ಕಿಟಕಿಯಿಂದ ಒಂದು ವಾಸನೆ ಒಳಗೆ ನುಗ್ಗಿತು. ನೂಲಿಗೆ ಹಾಕುವ ಗಂಜಿ ಬೇಯುವ ವಾಸನೆ, ಅದರ ಜೊತೆಗೆ ಆಗಷ್ಟೇ ನೆಂದ ಕೆಂಪು ಮಣ್ಣಿನದು. ನನಗೇ ಗೊತ್ತಿಲ್ಲದೆ ಸೀಟಿನಿಂದ ಅರ್ಧ ಎದ್ದು ಎಡಗಡೆ ನೋಡಿದೆ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಅಗಲವಾದ ರಸ್ತೆ, ಅದರಾಚೆ ಒಂದು ಗೋಡೌನು, ಅಷ್ಟೇ. ಪಕ್ಕದಲ್ಲಿದ್ದ ಹೆಂಗಸು ಇಳಿಯಬೇಕಾ ಎಂದು ಕೇಳಿದಳು. ಇಲ್ಲ ಎಂದು ಕೂತೆ. ಆದರೆ ಕೊಯಮತ್ತೂರಿನ ಗಾಂಧಿಪುರಂ ನಿಲ್ದಾಣ ಬರುವ ತನಕ ಆ ಒಂದು ಮಳೆಗಾಲ ನನ್ನನ್ನು ಬಿಡಲಿಲ್ಲ.

ಆಗ ನಾನು ಇಂಜಿನಿಯರಿಂಗ್ ಮುಗಿಸಿ ತಿಪಟೂರಿನಿಂದ ಬಂದು ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯ ಒಂದು ಪಂಪ್ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದ್ದೆ. ಅವಿನಾಶಿ ರಸ್ತೆಯನ್ನು ಅಗಲ ಮಾಡುತ್ತಿದ್ದ ಕಾಲ. ದಾರಿಯುದ್ದಕ್ಕೂ ಮರಗಳಿಗೆ ಬಣ್ಣ ಬಳಿದು ಗುರುತು ಹಾಕಿದ್ದರು. ಆ ಊರಿನಲ್ಲಿ ನನಗೆ ಯಾರೂ ಇರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಕಾರ್ಖಾನೆಯ ಹಿಂದಿನ ಬೇಲಿ ಪಕ್ಕ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವುದೊಂದೇ ಸಮಾಧಾನ. ಒಂದು ದಿನ ಹಾಗೆ ಮಾತಾಡಿ ತಿರುಗಿದರೆ ಸ್ಟೋರಿನ ದೇವಸಹಾಯಂ ಸಾರ್ ಹಿಂದೆಯೇ ನಿಂತಿದ್ದಾರೆ. ನಿವೃತ್ತಿಗೆ ಹತ್ತಿರವಾಗಿದ್ದ ಮೃದು ಮನುಷ್ಯ.

"ಏಮ್ಮಾ, ನೀ ಕನ್ನಡಮಾ?" ಎಂದರು. ಹೌದು ಎಂದೆ. ಅವರ ಕಣ್ಣು ತುಂಬಿಬಿಟ್ಟಿತು. ನನಗೆ ಗಾಬರಿಯಾಯಿತು.

ಅವರು ಹೇಳಿದ್ದು ಇದು. ಕೊಯಮತ್ತೂರಿನಲ್ಲಿ ಒಂದು ಸಣ್ಣ ಚರಿತ್ರೆ ಸಂಘ ಇದೆ, ತಾನು ಅದರ ಕಾರ್ಯದರ್ಶಿ. ಕಟ್ಟಿದವರು ನಂಜಪ್ಪನ್ ಸಾರ್. ಸರ್ವೆ ಇಲಾಖೆಯಲ್ಲಿದ್ದು ಸರಪಳಿ ಹಿಡಿದು ಹೊಲ ಹೊಲ ಅಳೆದವರು. ಅಳೆಯುವಾಗ ಬದುವಿನಲ್ಲಿ ಬಿದ್ದಿದ್ದ ವೀರಗಲ್ಲು, ಶಾಸನ ಏನು ಕಂಡರೂ ಕಾಗದದ ಮೇಲೆ ಅಚ್ಚು ತೆಗೆದು, ತಮಿಳಿನಲ್ಲಿ ಬರೆದು ಪ್ರಕಟಿಸಿದವರು. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಸಂಘದ ಸದಸ್ಯರಿಗೂ ಪೋಷಕರಿಗೂ ಶಾಲು ಹೊದಿಸಿ ಗೌರವಿಸುವ ಸಮಾರಂಭ ನಡೆಸುತ್ತಿದ್ದರು. ಕೂರಲು ಕುರ್ಚಿ ಕೊಟ್ಟ ವಿಧವೆ, ಕಲ್ಲು ಹುಡುಕಲು ಬಂದವರಿಗೆ ಅನ್ನ ಹಾಕಿದ ಚಹದಂಗಡಿಯವನು, ಯಾರನ್ನೂ ಬಿಡುತ್ತಿರಲಿಲ್ಲ. ಒಬ್ಬೊಬ್ಬರ ಬಗ್ಗೆಯೂ ತಾವೇ ನಿಂತು ಮಾತಾಡುತ್ತಿದ್ದರು. ಆದರೆ ತಾವು ಶಾಲು ಹೊದೆಯಲು ಒಪ್ಪಿದವರಲ್ಲ. ಹಿಂದಿನ ಸಾಲಿನ ಕುರ್ಚಿ ಸರಿಮಾಡುತ್ತಾ ನಿಂತುಬಿಡುತ್ತಿದ್ದರು.

ಆ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಹೋಯಿತು. ಮಾತು ಮೊದಲು ಪೂರ್ತಿ ನಿಂತು, ಆಮೇಲೆ ತಿರುಗಿ ಬಂತು. ಬಂದ ಮಾತು ತಮಿಳಲ್ಲ.

"ಅದು ಕನ್ನಡ ಅಂತ ನಮಗೆ ಅನ್ನಿಸುತ್ತೆ," ಎಂದರು ದೇವಸಹಾಯಂ ಸಾರ್. "ಅವರದು ಕರುಮತ್ತಂಪಟ್ಟಿ ಕಡೆಯ ಕನ್ನಡ ಮನೆ. ಆದರೆ ಅವರು ಆ ಮಾತು ಆಡಿದ್ದನ್ನ ನಾವ್ಯಾರೂ ಕೇಳಿಲ್ಲ. ಈಗ ಅದೊಂದೇ ಉಳಿದಿದೆ. ಅವರ ಹೆಂಡತಿಗೂ ತಿಳಿಯಲ್ಲ."

ಅವತ್ತೇ ಸಂಜೆ ಅವರ ಜೊತೆ ಹೋದೆ. ಗಣಪತಿಯಲ್ಲೇ, ಎರಡು ವರ್ಕ್‌ಶಾಪುಗಳ ನಡುವೆ ಸಿಕ್ಕಿಕೊಂಡ ಮನೆ. ಲೇತಿನ ಕಿರುಚಾಟ ಗೋಡೆ ದಾಟಿ ಬರುತ್ತಿತ್ತು. ಮಂಚದ ಮೇಲೆ ಉದ್ದನೆಯ ಮನುಷ್ಯ, ಕುತ್ತಿಗೆ ಮುಂದಕ್ಕೆ ಬಾಗುವ ಹಾಗೆ ದಿಂಬುಗಳ ಮೇಲೆ ದಿಂಬು ಇಟ್ಟು ಒರಗಿಸಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಸರೋಜಾ ಅಮ್ಮ, ಕೈಯಲ್ಲಿ ಗಂಜಿ ಲೋಟ.

"ನಮಸ್ಕಾರ ಸಾರ್. ನನ್ನ ಹೆಸರು ವನಜಾ. ತಿಪಟೂರಿನವಳು. ಹೇಗಿದ್ದೀರಿ?" ಎಂದೆ.

ಅವರು ತಲೆಯನ್ನು ಸರ್ರನೆ ತಿರುಗಿಸಿದರು. "ಏನು ಯೋಳ್ದೆ? ಇನ್ನೊಂದ್ ಸಾರಿ ಯೋಳು ಅಮ್ಮಣಿ."

ನಾನು ಮತ್ತೆ ಹೇಳಿದೆ. ಅವರು ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡು ದಬದಬನೆ ಮಾತಾಡತೊಡಗಿದರು. ನಾಲಿಗೆ ತೊಡರುತ್ತಿತ್ತು, ನಡುವೆ ನನಗೆ ಪರಿಚಯವಿಲ್ಲದ ಶಬ್ದಗಳು. ಆದರೂ ಮೊದಲ ಮಾತು ತಿಳಿಯಿತು. "ತಲೆದಿಂಬು ತಗಿ ಅಂತ ಯೋಳ್ತನೇ ಅವ್ನಿ. ಕತ್ತು ಮುರಿತದೆ. ಯಾರೂ ತಗೀರು."

ಅದನ್ನು ತಮಿಳಿನಲ್ಲಿ ಸರೋಜಾ ಅಮ್ಮನಿಗೆ ಹೇಳಿದೆ. ಅವರು ಲೋಟ ಕೆಳಗಿಟ್ಟರು. ಇಷ್ಟು ದಿನ ಸಾರ್ ತಲೆ ಆಡಿಸಿ ಕೂಗಿದಾಗಲೆಲ್ಲ ಇನ್ನೊಂದು ದಿಂಬು ತಂದು ಕೊಡುತ್ತಿದ್ದವರು ಆಕೆಯೇ. ಒಂದೊಂದಾಗಿ ದಿಂಬು ತೆಗೆದು, ಗಂಡನ ತಲೆಯನ್ನು ಮೆಲ್ಲಗೆ ಹಾಸಿಗೆಗೆ ಇಳಿಸಿ, ಒಳಗೆ ಹೋದವರು ನಾವು ಹೊರಡುವ ತನಕ ಹೊರಗೆ ಬರಲಿಲ್ಲ.

ಅಲ್ಲಿಂದ ಕೆಲಸ ಮುಗಿಸಿ ದಿನವೂ ಆ ಮನೆಗೆ ಹೋಗುವುದಾಯಿತು. ಐಪ್ಪಸಿ ತಿಂಗಳ, ದೀಪಾವಳಿ ಹೊತ್ತಿನ ಮಳೆ ಹಿಡಿದಿತ್ತು. ಕೊಡೆ ಬಾಗಿಲಲ್ಲಿ ಇಟ್ಟು ಒಳಗೆ ಕಾಲಿಟ್ಟರೆ ಅವರು ಬಾಗಿಲನ್ನೇ ನೋಡುತ್ತಿರುತ್ತಿದ್ದರು. ಸರೋಜಾ ಅಮ್ಮ ಕಾಫಿ ಕೊಡುತ್ತಿದ್ದರು, ಆದರೆ ನನ್ನ ಮುಖ ನೋಡುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಹೇಳಿಬಿಟ್ಟರು. "ಇವರ ಜೊತೆ ಇಷ್ಟು ವರ್ಷ ಬಾಳಿದವಳು ನಾನು. ನೀನು ನಿನ್ನೆ ಬಂದವಳು. ನನ್ನ ಗಂಡನಿಗೆ ಏನು ಬೇಕು ಅಂತ ನಿನ್ನ ಕೇಳಿ ತಿಳಿಯಬೇಕಾ?"

 ಖಾಲಿ ಲೋಟವನ್ನು ನಾನೇ ಒಳಗೆ ಒಯ್ದು ತೊಳೆದಿಟ್ಟೆ.

ನಂಜಪ್ಪನ್ ಸಾರ್ ಪದೇ ಪದೇ ಒಂದು ಮಾತು ಹೇಳುತ್ತಿದ್ದರು. ಹೇಳುವಾಗ ಅಳುತ್ತಿದ್ದರು. ತೊಡರುವ ನಾಲಿಗೆಯಲ್ಲಿ ನನಗೆ ಅದು "ಅಕ್ಕಿ ಕಲ್ಲು" ಎಂದು ಕೇಳಿತು. ಅನ್ನದಲ್ಲಿ ಕಲ್ಲು ಸಿಗುತ್ತಿದೆಯಂತೆ ಎಂದು ಸರೋಜಾ ಅಮ್ಮನಿಗೆ ಹೇಳಿದೆ. ಅವತ್ತು ಅವರು ಮನೆಯಲ್ಲಿದ್ದ ಅಕ್ಕಿಯನ್ನೆಲ್ಲ ಮೊರಕ್ಕೆ ಸುರಿದು, ಅಡುಗೆಮನೆ ನೆಲದಲ್ಲಿ ಕೂತು, ಕಣ್ಣು ಒರೆಸಿಕೊಳ್ಳುತ್ತಾ ಆರಿಸಿದರು. ಮಾರನೆಯ ದಿನ ಮೆತ್ತಗೆ ಬೇಯಿಸಿದ ಅನ್ನವನ್ನು ಬಾಯಿ ಹತ್ತಿರ ಹಿಡಿದರೆ ಅವರು ಮುಖ ತಿರುಗಿಸಿ ಮತ್ತೆ ಅದನ್ನೇ ಕೂಗಿದರು. ಆಗ ನಾನು ಬಗ್ಗಿ ಅವರ ಬಾಯಿಗೆ ಕಿವಿ ಹಚ್ಚಿ ಕೇಳಿದೆ.

"ಅಕ್ಕನ್ ಕಲ್ಲು. ರೋಡಿಗೆ ಕೀಳ್ತಾರೆ. ಓಗಿ ಯೋಳು, ಅಕ್ಕುಂಗೆ ಓಗಿ ಯೋಳು."

ಯಾರು ಸಾರ್ ಅಕ್ಕ ಎಂದೆ. ಉತ್ತರ ಬಂದದ್ದು ಹಿಂದಿನಿಂದ. "ರಂಗಮ್ಮಾ," ಎಂದರು ಸರೋಜಾ ಅಮ್ಮ. ಅನ್ನದ ತಟ್ಟೆ ಅವರ ಕೈಯಲ್ಲೇ ಇತ್ತು. "ಅವರ ಅಕ್ಕ. ನಾನು ನೋಡಿಲ್ಲ. ನಾನು ಬೇರೆ ಜಾತಿ, ಬೇರೆ ಮಾತು. ನನ್ನ ಮದುವೆ ಆದಾಗ ಅವರಪ್ಪ ಈ ಹೊಲ ತುಳಿಯಬೇಡ ಅಂದರಂತೆ. ಅಪ್ಪ ಕರೆದರೆ ಹೋಗ್ತೀನಿ ಅಂದರು ಇವರು. ಅವರು ಕರೆಯಲಿಲ್ಲ, ಹಾಗೇ ಸತ್ತರು. ಇವರು ಹೋಗಲಿಲ್ಲ. ಆ ಮಾತನ್ನೂ ಅಲ್ಲೇ ಬಿಟ್ಟು ಬಂದರು."

ಇದನ್ನು ಕೇಳಿದ ಮೇಲೆ ದೇವಸಹಾಯಂ ಸಾರಿಗೆ ಉಳಿದದ್ದು ಹೊಳೆಯಿತು. ಕರುಮತ್ತಂಪಟ್ಟಿ ಸುತ್ತಮುತ್ತಲಿನ ಕಲ್ಲುಗಳನ್ನೆಲ್ಲ ಬರೆದ ನಂಜಪ್ಪನ್ ಸಾರ್ ತಮ್ಮ ಮನೆತನದ ಹೊಲದ ಕಲ್ಲೊಂದನ್ನು ಮಾತ್ರ ಬರೆದಿರಲಿಲ್ಲ. ಅದು ಹೆದ್ದಾರಿಯ ಅಂಚಿನಲ್ಲಿತ್ತು. ಸಾರ್ ನನಗೆ ಬಿಡಿಬಿಡಿಯಾಗಿ ಹೇಳಿದ ಪ್ರಕಾರ, ಚಿಕ್ಕಂದಿನಲ್ಲಿ ಅಕ್ಕ ಅವರನ್ನು ಸೊಂಟದ ಮೇಲೆ ಎತ್ತಿಕೊಂಡು ಅಲ್ಲಿಗೆ ದೀಪ ಹಚ್ಚಲು ಹೋಗುತ್ತಿದ್ದಳು, ಅದಕ್ಕೇ ಅವರ ಬಾಯಲ್ಲಿ ಅದು ಅಕ್ಕನ ಕಲ್ಲು. ರಸ್ತೆ ಕೆಲಸ ಆ ಭಾಗಕ್ಕೆ ಬಂದೇಬಿಟ್ಟಿತ್ತು.

ಭಾನುವಾರ ಪಕ್ಕದ ಮನೆಯವರನ್ನು ಸಾರ್ ಜೊತೆ ಕೂರಿಸಿ ನಾವು ಮೂವರೂ ಗಾಂಧಿಪುರಂನಲ್ಲಿ ಬಸ್ಸು ಹತ್ತಿದೆವು. ಸರೋಜಾ ಅಮ್ಮ ಒಳ್ಳೆಯ ಸೀರೆ ಉಟ್ಟಿದ್ದರು. ಕರುಮತ್ತಂಪಟ್ಟಿಯಲ್ಲಿ ಇಳಿದು ವಿಚಾರಿಸುತ್ತಾ ಹೋದೆವು. ಪ್ರತಿ ಮನೆಯೊಳಗಿಂದಲೂ ಮಗ್ಗದ ಸದ್ದು. ರಂಗಮ್ಮನ ಮನೆ ಹೊಲದ ನಡುವೆ ಇತ್ತು, ಪಕ್ಕದಲ್ಲೇ ಹೆಂಚಿನ ಮಗ್ಗದ ಕೊಟ್ಟಿಗೆ. ಎತ್ತರದ ಮುದುಕಿ, ತಮ್ಮನದೇ ಮೂಗು. ತುಂಡಾದ ಎಳೆ ಕಟ್ಟುತ್ತಾ ನಿಂತಿದ್ದಳು.

ದೇವಸಹಾಯಂ ಸಾರ್ ತಮಿಳಿನಲ್ಲಿ ನಮ್ಮ ಪರಿಚಯ ಹೇಳಿದರು. ಆಕೆ ಎಳೆಯಿಂದ ಕಣ್ಣೆತ್ತಲಿಲ್ಲ. "ನಂಜಪ್ಪನ್ ಅಂತ ನಮಗೆ ಯಾರೂ ಇಲ್ಲೀಂಗ," ಎಂದಳು ತಮಿಳಿನಲ್ಲೇ. "ಒಬ್ಬ ತಮ್ಮ ಇದ್ದ. ಹೋದ."

ನಾನು ಹತ್ತಿರ ಹೋಗಿ, ಮಗ್ಗದ ಸದ್ದಿಗೆ ಕೇಳಲೆಂದು ಕನ್ನಡದಲ್ಲಿ ಕೂಗಿ ಹೇಳಿದೆ. "ಅಮ್ಮಾ, ಅವರಿಗೆ ಕೈಕಾಲು ಬಿದ್ದುಹೋಗಿದೆ. ತಮಿಳು ಮರೆತುಹೋಗಿದೆ. ನಿಮ್ಮ ಮನೆ ಕನ್ನಡ ಒಂದೇ ಬರೋದು. ಅಲ್ಲಿ ಯಾರಿಗೂ ಅದು ತಿಳಿಯಲ್ಲ. ದಿನಾ ಅಕ್ಕನ ಕಲ್ಲು ಅಂತ ಅಳ್ತಾರೆ."

ರಂಗಮ್ಮ ಕೈ ಚಾಚಿ ಮಗ್ಗ ನಿಲ್ಲಿಸಿದಳು. ಏಕಾಏಕಿ ಬಂದ ಆ ಮೌನದಲ್ಲಿ ಹೆಂಚಿನ ಮೇಲೆ ಮಳೆ ಬೀಳುವುದು ಕೇಳಿಸಿತು.

"ಏನಂತಾನೆ? ಅವ್ನು ಯೋಳೋ ತರ್ವೇ ಯೋಳು."

"ಅಕ್ಕುಂಗೆ ಓಗಿ ಯೋಳು ಅಂತಾರೆ."

ಆಕೆ ನಕ್ಕಳು. ನಗುತ್ತಲೇ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ತಮಿಳಾಳ್ ಆಗೋದ ಅಂತಿದ್ರು ಎಲ್ಲಾರೂ. ಮೀಟಿಂಗ್ನಲ್ಲಿ ಪೇಸ್ತಾನೆ, ಪೇಪರಲ್ಲಿ ಪಟ ಬತ್ತದೆ ಅಂತಿದ್ರು. ಈಗ ನಮ್ ಮಾತು ಬಂತಾ ಅವುನ್ಗೆ? ಬಿದ್ದ್ ಮೇಲೆ ಬಂತಾ?" ಸರೋಜಾ ಅಮ್ಮನ ಕಡೆ ಮಾತ್ರ ಒಮ್ಮೆಯೂ ನೋಡಲಿಲ್ಲ.

ಆದರೂ ಕಲ್ಲಿನ ಹತ್ತಿರ ತಾನೇ ಕರೆದುಕೊಂಡು ಹೋದಳು. ಬೇವಿನ ಮರದ ಬುಡದಲ್ಲಿ ಸೊಂಟದೆತ್ತರದ ಕಲ್ಲು. ಕುದುರೆ ಮೇಲೆ ಕತ್ತಿ ಹಿರಿದ ವೀರ. ಅವನ ಕೆಳಗೆ ಸಾಲು ಸಾಲು ಅಕ್ಷರ. ತಲೆಮಾರುಗಳಿಂದ ಸುರಿದ ಎಣ್ಣೆ, ಅರಿಶಿನ ಅಕ್ಷರಗಳ ಮೇಲೆ ದಪ್ಪನೆಯ ಪದರವಾಗಿ ಕೂತಿತ್ತು. ಮರದ ಮೇಲೆ ರಸ್ತೆಯವರ ಗುರುತು.

"ನಾವು ಮೈಸೂರು ಸೀಮೆಯಿಂದ ಬಂದೋರು. ಯಾವೂರು ಅಂತ ಇದ್ರಲ್ಲಿ ಬರ್ದದೆ ಅಂತ ನಮ್ಮಪ್ಪ ಯೋಳ್ತಿದ್ರು," ಎಂದಳು ರಂಗಮ್ಮ. "ನಮ್ಗೆ ಕನ್ನಡದ ಎಳುತ್ತು, ಅಕ್ಸರ ಬರಾಕಿಲ್ಲ. ಇಸ್ಕೂಲಲ್ಲಿ ಎಲ್ಲಾ ತಮಿಳು. ನೀನು ಓದಿರೋಳು. ಓದು ನನ್ ಕಣ್ಣು."

ನಾನು ಮೊಣಕಾಲೂರಿ ಕೂತೆ. ಬೆರಳಿನಿಂದ ತಡವಿದೆ. ಒಂದು 'ನ' ಇರಬಹುದು, ಒಂದು 'ಗ' ಇರಬಹುದು. ಹಳೆಯ ಅಕ್ಷರ, ಸವೆದ ಕಲ್ಲು, ಮೋಡ ಕವಿದ ಬೆಳಕು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಆಗುತ್ತಿಲ್ಲ ಅಮ್ಮ ಎಂದೆ. ದೇವಸಹಾಯಂ ಸಾರ್ ತಮ್ಮ ಹಳೆಯ ಕ್ಯಾಮೆರಾದಲ್ಲಿ ಒಂದೆರಡು ಚಿತ್ರ ತೆಗೆದರು. ಮುಂದಿನ ಭಾನುವಾರ ಕಾಗದ, ಮಸಿ ತಂದು ಕಲ್ಲು ತೊಳೆದು ಅಚ್ಚು ತೆಗೆಯೋಣ, ಮೈಸೂರಿನ ಶಾಸನ ಕಚೇರಿಗೆ ಕಳಿಸಿ ಓದಿಸೋಣ ಎಂದು ಮಾತಾಯಿತು.

ಅಷ್ಟರೊಳಗೆ ಕಲ್ಲನ್ನು ಕೀಳದಂತೆ ತಡೆಯಬೇಕಿತ್ತು. ಅದಕ್ಕೆ ನಮಗೆ ಗೊತ್ತಿದ್ದವರು ಒಬ್ಬರೇ. ಸಂಘದ ಸಮಾರಂಭಕ್ಕೆ ವರ್ಷ ವರ್ಷ ಮಂಡಪ ಬಿಟ್ಟುಕೊಡುತ್ತಿದ್ದ ಮುದಲಾಳಿ, ಅಂದರೆ ಮಂಡಪದ ಯಜಮಾನರು. ಆ ರಸ್ತೆಗೆ ಮಣ್ಣು ಹೊಡೆಯುವ ಕೆಲಸವೂ ಅವರದೇ. ಆ ವರ್ಷ ಪೋಷಕರೆಂದು ಶಾಲು ಹೊದಿಸಬೇಕಾದವರಲ್ಲಿ ಅವರೂ ಒಬ್ಬರು. ಸೋಮವಾರ ಬೆಳಿಗ್ಗೆ ಹೋಗಿ ಹೇಳಿದೆವು. ನಮ್ಮೆದುರೇ ಫೋನು ಎತ್ತಿ, ಬೇವಿನ ಮರದ ಕೆಳಗಿನ ಕಲ್ಲಿಗೆ ಯಾರೂ ಕೈ ಹಚ್ಚಕೂಡದು ಎಂದು ಮೇಸ್ತ್ರಿಗೆ ಹೇಳಿದರು. "ನಂಜಪ್ಪನ್ ಸಾರಿಗೆ ಹೇಳಿ, ಅವರ ಕಲ್ಲು ಅಲ್ಲೇ ಇರುತ್ತೆ," ಎಂದರು. ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ಸಂಜೆ ಓಡಿಹೋಗಿ ಹೇಳಿದೆ. "ಸಾರ್, ಕಲ್ಲು ಇದೆ. ನಾನೇ ಮುಟ್ಟಿ ನೋಡಿದೆ. ಅಕ್ಕನೇ ತೋರಿಸಿದ್ರು."

ಅವರು ಆ ದಿನ ಅಳಲಿಲ್ಲ. ಅಚ್ಚು ತೆಗೆಯುವುದು ಹೇಗೆಂದು ನನಗೆ ಕಲಿಸಲು ಶುರು ಮಾಡಿದರು. "ಮೊದ್ಲು ನೀರಾಕಿ ತೊಳಿ. ತೆಂಗಿನ್ ನಾರಲ್ಲಿ ಉಜ್ಜು, ಕಬ್ಬಿಣ ಮುಟ್ಟುಸ್ಬೇಡ. ಕಾಗ್ದ ನೆನಸಿ ಆಕು. ಬ್ರಸ್ಸಲ್ಲಿ ಮೆತ್ತುಗ್ ತಟ್ಟು, ಎಳುತ್ತೊಳಗೆ ಕಾಗ್ದ ಇಳೀಬೇಕು. ಆಮ್ಯಾಕೆ ಮಸಿ." ಎಡಗೈಯಿಂದ ಹಾಸಿಗೆಯ ಮೇಲೆ ತಟ್ಟಿ ತೋರಿಸಿದರು. ತಟ್ಟಿದ್ದು ಸರಿಯಾಗಲಿಲ್ಲವೆಂದು ನನ್ನ ಕೈಗೊಂದು ಏಟು ಕೊಟ್ಟರು. ಸರೋಜಾ ಅಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದರು. "ಹೀಗೇ ಇದ್ದರು," ಎಂದರು ನನಗೆ, "ಸಂಘದಲ್ಲಿ ಎಲ್ಲರನ್ನೂ ಹೀಗೇ ಬೈಯುತ್ತಿದ್ದರು." ಮೊದಲ ಬಾರಿ ನನ್ನ ಮುಖ ನೋಡಿ ಮಾತಾಡಿದ್ದರು.

ಆ ವಾರ ಮಳೆ ಬಿಡಲೇ ಇಲ್ಲ. ಗಣಪತಿಯ ರಸ್ತೆಗಳಲ್ಲಿ ಎಣ್ಣೆ ತೇಲುವ ನೀರು. ಕರೆಂಟು ಹೋಗಿ ಹೋಗಿ ಬರುತ್ತಿತ್ತು. ಭಾನುವಾರ ಮಾತ್ರ ಬಿಸಿಲು ಬಂತು. ಕಾಗದದ ಸುರುಳಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಮತ್ತೆ ಮೂವರೂ ಹೊರಟೆವು. ಬಸ್ಸಿನಿಂದ ಇಳಿದು ನಡೆಯುವಾಗ ದೂರದಿಂದಲೇ ಆಕಾಶ ಬೇರೆ ತರಹ ಕಂಡಿತು. ಬೇವಿನ ಮರ ಇರಲಿಲ್ಲ.

ಅಗೆದು ಹಾಕಿದ ಕೆಂಪು ಮಣ್ಣಿನ ದಿಬ್ಬದ ಮೇಲೆ ರಂಗಮ್ಮ ಕೂತಿದ್ದಳು. ನಮ್ಮನ್ನು ನೋಡಿ ಏಳಲಿಲ್ಲ.

"ಕಲ್ಲು ಇಟ್ಟಿರ್ತೀವಿ ಅಂದ್ನಲ್ಲ ಆ ಮೇಸ್ತ್ರಿ, ಅವ್ನು ನೆನ್ನೆ ಬರ್ನಿಲ್ಲ. ಬೇರೆ ಆಳು ಮಿಷಿನ್ ತಂದ. ಅವುನ್ಗೆ ಯಾರೂ ಯೋಳ್ನಿಲ್ಲ. ನಾನು ಮಗ್ಗದ ಸದ್ದಲ್ಲಿದ್ದೆ. ಕರೆಂಟು ಓದಾಗ ಕೇಳುಸ್ತು, ಮರ ಬೀಳೋದು. ಓಡ್ ಬಂದೆ. ಬರೋ ಒಳಗೆ..." ಅವಳು ಕೈಯಿಂದ ಎದುರಿನ ನೆಲ ತೋರಿಸಿದಳು. ರಸ್ತೆಯ ಹೊಸ ಪಾಯ, ಚಕ್ರದ ಗುರುತು, ಅವುಗಳಲ್ಲಿ ನಿಂತ ನೀರು.

ದೇವಸಹಾಯಂ ಸಾರ್ ಅಲ್ಲಿದ್ದ ಕೆಲಸಗಾರರನ್ನು ಕೇಳಿದರು. ಬಿದ್ದ ಕಲ್ಲು, ಒಡೆದ ಗೋಡೆ ಎಲ್ಲ ಪಾಯಕ್ಕೆ ಹೋಗಿದೆ, ಮೇಲೆ ರೋಲರ್ ಓಡಿಸಿಯಾಗಿದೆ ಎಂದರು ಅವರು. ಅವರ ಮೇಲೆ ಸಿಟ್ಟು ಮಾಡುವಂಥದ್ದೇನೂ ಇರಲಿಲ್ಲ. ಹೇಳಿದ್ದನ್ನು ಮಾಡಿದ್ದರು.

ಆಗ ಸರೋಜಾ ಅಮ್ಮ ಸೀರೆ ಎತ್ತಿಕಟ್ಟಿ ದಿಬ್ಬದ ಆಚೆಯ ಗುಂಡಿಗೆ ಇಳಿದರು. ಅಲ್ಲಿ ಒಡೆದ ಕಲ್ಲು, ಬೇರು, ಇಟ್ಟಿಗೆ ರಾಶಿ ಬಿದ್ದಿತ್ತು. ಒಂದೊಂದು ಕಲ್ಲನ್ನೂ ಮಗುಚಿ, ಅಂಗೈಯಿಂದ ಕೆಸರು ಒರೆಸಿ ನೋಡತೊಡಗಿದರು. ನಾನೂ ಇಳಿದೆ. ದೇವಸಹಾಯಂ ಸಾರ್ ಇಳಿದರು. ಎಷ್ಟು ಹೊತ್ತು ಹುಡುಕಿದೆವೋ, ಬೆರಳು ಸೀಳಿ ರಕ್ತ ಬಂತು. ಅರಿಶಿನದ ಬಣ್ಣ ಕಂಡಲ್ಲೆಲ್ಲ ಕೂಗುತ್ತಿದ್ದೆವು. ಇಟ್ಟಿಗೆ ಚೂರು. ಮತ್ತೆ ಇಟ್ಟಿಗೆ ಚೂರು. ಕುದುರೆಯೂ ಸಿಗಲಿಲ್ಲ, ಒಂದಕ್ಷರವೂ ಸಿಗಲಿಲ್ಲ. ಮೋಡ ಮುಚ್ಚಿ ಮತ್ತೆ ಹನಿ ಬೀಳತೊಡಗಿತು. ಸರೋಜಾ ಅಮ್ಮ ಮಾತ್ರ ನಿಲ್ಲಿಸಲೇ ಇಲ್ಲ. ಕೊನೆಗೆ ರಂಗಮ್ಮ ಗುಂಡಿಗೆ ಇಳಿದು ಅವರ ರಟ್ಟೆ ಹಿಡಿದಳು. "ವಿಡುಮ್ಮಾ, ಪೋದುಂ," ಎಂದಳು ತಮಿಳಿನಲ್ಲಿ. ಬಿಡು, ಸಾಕು. ತಮ್ಮನ ಹೆಂಡತಿಗೆ ಅವಳು ಆಡಿದ ಮೊದಲ ಮಾತು ಅದು.

ದೇವಸಹಾಯಂ ಸಾರ್ ತೆಗೆದ ಚಿತ್ರಗಳು ತೊಳೆದು ಬಂದವು. ಮಸುಕು ಕಪ್ಪಿನಲ್ಲಿ ಕುದುರೆಯ ಕಾಲು ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ.

ನಂಜಪ್ಪನ್ ಸಾರಿಗೆ ಯಾರು ಹೇಳುವುದು? ಹೇಳಬಲ್ಲವಳು ನಾನೊಬ್ಬಳೇ. ಆ ಮನೆಯೊಳಗೆ ಆ ಸುದ್ದಿ ನನ್ನ ನಾಲಿಗೆಯ ಮೂಲಕವೇ ಹೋಗಬೇಕು. ಅವರು "ಅಚ್ಚು ತಂದ್ಯಾ?" ಎಂದು ದಿನವೂ ಕೇಳುತ್ತಿದ್ದರು. ಮಳೆ ಸಾರ್ ಎನ್ನುತ್ತಿದ್ದೆ. ಅವರು ಕಿಟಕಿ ಕಡೆ ನೋಡಿ ತಲೆಯಾಡಿಸುತ್ತಿದ್ದರು. ನನಗಾಗ ಇಪ್ಪತ್ತನಾಲ್ಕೋ ಏನೋ ವಯಸ್ಸು. ನಾನಿದ್ದ ಹಾಸ್ಟೆಲಿಗೆ ವಾಪಸು ಬಂದು ಅನ್ನ ಕಲಸಿ ಕಲಸಿ ಎದ್ದುಬಿಡುತ್ತಿದ್ದೆ. ಈ ಸಲ ಅವರಿಗೇ ಶಾಲು ಹೊದಿಸುತ್ತೇವೆ, ಸಮಾರಂಭ ಮುಗಿಯಲಿ, ಆಮೇಲೆ ಹೇಳೋಣ ಎಂದರು ದೇವಸಹಾಯಂ ಸಾರ್. ಸರೋಜಾ ಅಮ್ಮ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ.

ಮಂಡಪದ ಮುದಲಾಳಿಗೆ ವಿಷಯ ಗೊತ್ತಾಗಿತ್ತು. ಅವರು ತಾವೇ ದೇವಸಹಾಯಂ ಸಾರ್ ಮನೆಗೆ ಬಂದು, ನನ್ನ ಹೆಸರು ಬಿಟ್ಟುಬಿಡಿ, ಆ ವೇದಿಕೆ ಮೇಲೆ ಅವರ ಪಕ್ಕ ನಾನು ಕೂರಲಾರೆ ಎಂದರಂತೆ. "ನಂಜಪ್ಪನ್ ಚೆನ್ನಾಗಿದ್ದಿದ್ದರೆ ನಿಮ್ಮ ಹೆಸರು ಬಿಡುತ್ತಿರಲಿಲ್ಲ," ಎಂದು ಇವರು ಉತ್ತರ ಕೊಟ್ಟರಂತೆ. "ನೀವು ಮಂಡಪ ಕೊಟ್ಟದ್ದೂ ನಿಜ, ಕಲ್ಲು ಹೋದದ್ದೂ ನಿಜ. ಎರಡನ್ನೂ ಹೊತ್ತುಕೊಂಡು ಬಂದು ಕೂತುಕೊಳ್ಳಿ."

ಸಮಾರಂಭದ ದಿನ ಮಂಡಪ ತುಂಬಿತ್ತು. ಜಮೀನು ಅಳೆಸಿಕೊಂಡ ರೈತರು, ಕಲ್ಲು ತೋರಿಸಿದ ಊರಿನವರು, ಹಿಂದಿನ ವರ್ಷಗಳಲ್ಲಿ ಶಾಲು ಹೊದ್ದವರು ಎಲ್ಲ ಬಂದಿದ್ದರು. ನಂಜಪ್ಪನ್ ಸಾರನ್ನು ಗಾಲಿಕುರ್ಚಿಯಲ್ಲಿ ವೇದಿಕೆಗೆ ಎತ್ತಿ ತಂದರು. ಅವರ ಎಡಕ್ಕೆ ಸರೋಜಾ ಅಮ್ಮ, ಬಲಕ್ಕೆ ಮುದಲಾಳಿ. ಹೇಳಿದ್ದನ್ನು ತಿಳಿಸಲೆಂದು ಕುರ್ಚಿಯ ಹಿಂದೆ ನಾನು. ಒಬ್ಬೊಬ್ಬರೂ ಎದ್ದು ತಮಿಳಿನಲ್ಲಿ ಅವರನ್ನು ಹೊಗಳಿದರು. ಅವರಿಗೆ ಅದು ಎಷ್ಟು ಕೇಳಿಸುತ್ತಿತ್ತೋ, ಎಷ್ಟು ತಿಳಿಯುತ್ತಿತ್ತೋ. ತಾವೇ ಎಷ್ಟೋ ವರ್ಷ ಆಡಿದ ಭಾಷೆಯನ್ನು, ಪರವೂರಿನ ಬಸ್ ನಿಲ್ದಾಣದಲ್ಲಿ ಕೂತವರ ಹಾಗೆ, ಕಣ್ಣು ಕಿರಿದು ಮಾಡಿ ಕೇಳುತ್ತಿದ್ದರು.

ಮುದಲಾಳಿಗೆ ಮೊದಲು ಶಾಲು ಬಂತು. ಹೆಗಲ ಮೇಲೆ ಹಾಕಿದ್ದನ್ನು ಅವರು ತಕ್ಷಣ ತೆಗೆದು ತೊಡೆಯ ಮೇಲೆ ಮಡಿಸಿ ಇಟ್ಟುಕೊಂಡು ತಲೆ ತಗ್ಗಿಸಿದರು. ಆಮೇಲೆ ದೇವಸಹಾಯಂ ಸಾರ್ ನಂಜಪ್ಪನ್ ಸಾರಿಗೆ ಶಾಲು ಹೊದಿಸಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ಮೈಕನ್ನು ಅವರ ಬಾಯಿಗೆ ಹಿಡಿದರು. ವಣಕ್ಕಂ ಎನ್ನುವ ಒಂದು ಶಬ್ದವನ್ನು ಸರೋಜಾ ಅಮ್ಮ ವಾರದಿಂದ ಅವರಿಗೆ ಹೇಳಿಕೊಟ್ಟಿದ್ದರು.

ಅವರು ಬಾಯಿ ತೆರೆದರು. ವಣಕ್ಕಂ ಬರಲಿಲ್ಲ. ಕಣ್ಣು ಸಭೆಯ ಹಿಂದಿನ ಬಾಗಿಲ ಹತ್ತಿರ ನಿಂತುಹೋಗಿತ್ತು. ಅಲ್ಲಿ, ನೆನೆದ ಸೆರಗು ಹಿಂಡಿಕೊಳ್ಳುತ್ತಾ, ರಂಗಮ್ಮ ನಿಂತಿದ್ದಳು. ಬರುತ್ತೇನೆಂದು ನಮಗೆ ಹೇಳಿರಲಿಲ್ಲ.

"ಅಕ್ಕಾ," ಎಂದರು ನಂಜಪ್ಪನ್ ಸಾರ್. ಮೈಕಿನಲ್ಲಿ ಅದು ಇಡೀ ಮಂಡಪಕ್ಕೆ ಕೇಳಿತು. "ಅಕ್ಕಾ, ಕಲ್ಲು ಐತಾ?"

ಸಭೆಯಲ್ಲಿ ಬಹಳ ಜನಕ್ಕೆ ಅದು ಯಾವ ಭಾಷೆ ಎಂಬುದೇ ತಿಳಿಯಲಿಲ್ಲ. ನಾನು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಈಗ ನಾನು ಹೇಳಬೇಕು ಎಂದುಕೊಂಡೆ.

ರಂಗಮ್ಮ ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದು ಬಂದಳು. ಯಾರನ್ನೂ ನೋಡಲಿಲ್ಲ. ವೇದಿಕೆಯ ಕೆಳಗೆ ನಿಂತು ತಲೆಯೆತ್ತಿ ಹೇಳಿದಳು.

"ಇಲ್ಲ ಕಣೋ ನಂಜಾ. ಕಿತ್ತ್‌ಬುಟ್ರು. ರೋಡಿನಡಿಗೆ ಓಯ್ತು."

ಅವರ ಮುಖದ ಒಂದು ಪಕ್ಕ ಕುಸಿಯಿತು. ಇನ್ನೊಂದು ಪಕ್ಕ ಮೊದಲೇ ಕುಸಿದದ್ದು. ಶಾಲು ಹೆಗಲಿಂದ ಜಾರಿತು. ಅವರು ಗಂಟಲೊಳಗಿಂದ ಒಂದು ಸದ್ದು ಮಾಡಿದರು, ಮೈಕನ್ನು ಯಾರೋ ಬೇಗ ಪಕ್ಕಕ್ಕೆ ಎಳೆದರು.

"ನಾನಿವ್ನಿ," ಎಂದಳು ರಂಗಮ್ಮ. "ಕಲ್ಲು ಓಯ್ತು, ನಾನಿವ್ನಿ. ಅಳ್ಬೇಡ."

ಮೆಟ್ಟಿಲು ಹತ್ತಿ ಬಂದು, ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ತಮ್ಮನ ಸತ್ತ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸರೋಜಾ ಅಮ್ಮ ಎದ್ದು ಜಾರಿದ ಶಾಲನ್ನು ಸರಿಯಾಗಿ ಹೊದಿಸಿದರು. ಕಾರ್ಯಕ್ರಮದಲ್ಲಿ ಇನ್ನೂ ಇಬ್ಬರಿಗೆ ಶಾಲು ಹೊದಿಸುವುದಿತ್ತು. ದೇವಸಹಾಯಂ ಸಾರ್ ಮೈಕು ತೆಗೆದುಕೊಂಡು ಮುಂದಿನ ಹೆಸರು ಕರೆದರು.

ರಂಗಮ್ಮ ಅವತ್ತು ಊರಿಗೆ ಹೋಗಲಿಲ್ಲ. ಮಗ್ಗವನ್ನು ಪಕ್ಕದವರಿಗೆ ಒಪ್ಪಿಸಿ ಗಣಪತಿಯ ಆ ಮನೆಯಲ್ಲೇ ಉಳಿದಳು. ಇಬ್ಬರು ಹೆಂಗಸರೂ ತಮಿಳಿನಲ್ಲಿ ಜಗಳವಾಡುತ್ತಿದ್ದರು, ಅಡುಗೆಗೆ, ಔಷಧಿಗೆ, ಯಾವುದಕ್ಕೂ. ಆದರೆ ಸರೋಜಾ ಅಮ್ಮ ಅವಳಿಂದ ಕನ್ನಡ ಕಲಿಯಲು ಶುರು ಮಾಡಿದ್ದರು. ಗಂಡನ ಮಂಚದ ಹತ್ತಿರ ನಿಂತು, ಪಾಠ ಒಪ್ಪಿಸುವವರ ಹಾಗೆ, ಒಂದೊಂದೇ ಮಾತು ಆಡುತ್ತಿದ್ದರು. ನಂಜಪ್ಪನ್ ಸಾರ್ ತಪ್ಪುಗಳಿಗೆ ನಗುತ್ತಿದ್ದರು.

ಹಾಗೆ ನಕ್ಕದ್ದು ಕೆಲವೇ ದಿನ. ಮಾರ್ಗಳಿ ತಿಂಗಳ ಚಳಿಯಲ್ಲಿ ಇನ್ನೊಂದು ಹೊಡೆತ ಬಿತ್ತು. ಆಸ್ಪತ್ರೆ ಸಾಕು, ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಮಾತು ಪೂರ್ತಿ ನಿಂತಿತ್ತು. ಕನ್ನಡವೂ ಹೋಗಿತ್ತು. ಕಣ್ಣು ತೆರೆದಿರುತ್ತಿತ್ತು, ಯಾರು ಏನು ಹೇಳಿದರೂ ರೆಪ್ಪೆ ಅಲುಗುತ್ತಿರಲಿಲ್ಲ. ಪೊಂಗಲ್ ಕಳೆಯುವಷ್ಟರಲ್ಲಿ ತೀರಿಕೊಂಡರು.

ಅದಕ್ಕೆ ಮುಂಚೆ ನಾನು ಕೊನೆಯ ಸಲ ಹೋದದ್ದು ಒಂದು ರಜೆಯ ದಿನ ಬೆಳಿಗ್ಗೆ. ರಜೆಯಾದ್ದರಿಂದ ಲೇತುಗಳು ಸುಮ್ಮನಿದ್ದವು. ಹೊರಗೆ ಚಪ್ಪಲಿ ಬಿಡುವಾಗಲೇ ಸರೋಜಾ ಅಮ್ಮನ ದನಿ ಕೇಳಿತು. ಮಂಚದ ಪಕ್ಕ ಕೂತು ಗಂಡನ ಕೆನ್ನೆಗೆ ಎಣ್ಣೆ ಹಚ್ಚುತ್ತಾ ಕನ್ನಡದಲ್ಲಿ ಮಾತಾಡುತ್ತಿದ್ದರು. ಅವರಿಗೆ ಈಗ ಯಾವ ಮಾತೂ ತಿಳಿಯುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಅದು ಆಕೆಗೂ ಗೊತ್ತಿತ್ತು.

"ಇವತ್ತು ಮಳೆ ಇಲ್ಲೆ. ಬಿಸಿಲು ಬಂದುಟ್ಟದೆ. ಅಕ್ಕ ಸಾಪಾಟು ಮಾಡ್ತಾವ್ರೆ," ಎನ್ನುತ್ತಿದ್ದರು.

ಅಡುಗೆಮನೆಯಿಂದ ರಂಗಮ್ಮ ಕೂಗಿದಳು. "ಸಾಪಾಟು ಅಲ್ಲ, ಅಡ್ಗೆ. ಅಡ್ಗೆ ಮಾಡ್ತಾವ್ಳೆ ಅಕ್ಕ, ಅನ್ನು."

ಸರೋಜಾ ಅಮ್ಮ ತಲೆಯಾಡಿಸಿ, ಗಂಡನ ಮುಖದ ಹತ್ತಿರ ಬಗ್ಗಿ, ಮಳೆ ಇಲ್ಲ ಎನ್ನುವುದರಿಂದ ಹಿಡಿದು ಎಲ್ಲವನ್ನೂ ಮತ್ತೆ ಮೊದಲಿಂದ ಸರಿಯಾಗಿ ಹೇಳಿದರು.